ಸಾಲು, ಒಲೆ ಮತ್ತು ಗ್ರಾಮ: 2022ರ ಶ್ರೀಲಂಕಾದ ಸಾರ್ವಜನಿಕ ಬದುಕಿನ ಜಾನಪದೀಯ ವಿವೇಚನೆ

ಬರ, ಬೆಲೆಯೇರಿಕೆ, ಸಾಲದ ಹೊರೆ ಮೊದಲಾದ ಸಂಕಷ್ಟಗಳನ್ನು ಅರ್ಥಶಾಸ್ತ್ರವು ಅಂಕಿಅಂಶಗಳ ಮೂಲಕವೂ ರಾಜ್ಯಶಾಸ್ತ್ರವು ಅಧಿಕಾರದ ಏರಿಳಿತಗಳ ಮೂಲಕವೂ ಅರಿಯಲು ಯತ್ನಿಸುತ್ತವೆ. ಜನಸಮುದಾಯವಾದರೋ ಅವುಗಳನ್ನು ತನ್ನ ನೆನಪಿನಲ್ಲಿ ಬೇರೆಯೇ ಬಗೆಯಲ್ಲಿ ದಾಖಲಿಸಿಕೊಳ್ಳುತ್ತದೆ. 1876-78ರ ಮಹಾಕ್ಷಾಮವನ್ನು ಕನ್ನಡನಾಡಿನ ಜನ ಧಾತು, ಈಶ್ವರ ಸಂವತ್ಸರಗಳ ಹೆಸರಿನಲ್ಲಿ ನೆನೆದರೇ ಹೊರತು ಇಸವಿಯ ಲೆಕ್ಕದಲ್ಲಿ ಅಲ್ಲ. ಹೀಗೆ ಹೆಸರಿಡುವುದು, ಆಚರಿಸುವುದು, ಅಣಕಿಸುವುದು, ಹಂಚಿ ಉಣ್ಣುವುದು ಇವೆಲ್ಲ ಕಷ್ಟಕಾಲವನ್ನು ಎದುರಿಸುವ ಜಾನಪದೀಯ ವಿಧಾನಗಳು. 2022ರಲ್ಲಿ ಶ್ರೀಲಂಕಾ ಅನುಭವಿಸಿದ ಆರ್ಥಿಕ ಕುಸಿತದ ಸಂದರ್ಭದಲ್ಲಿ ಅಲ್ಲಿನ ಸಾರ್ವಜನಿಕ ಬದುಕು ಇಂತಹ ವಿಧಾನಗಳನ್ನು ಹೇಗೆ ಬಳಸಿಕೊಂಡಿತು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಿನ್ನೆಲೆ

ಈ ಕುಸಿತಕ್ಕೆ ಹಲವು ಕಾರಣಗಳು ಒಟ್ಟುಗೂಡಿದ್ದವು. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರದ ಸ್ಫೋಟಗಳು, ಅವುಗಳ ಬೆನ್ನಿಗೇ ಬಂದ ಕೋವಿಡ್ ಪಿಡುಗು ಪ್ರವಾಸೋದ್ಯಮವನ್ನು ನೆಲಕಚ್ಚಿಸಿದವು. 2019ರ ಕೊನೆಯಲ್ಲಿ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ ಶೇ. 8ಕ್ಕೆ ಇಳಿಸಿದ್ದರಿಂದ ಸರ್ಕಾರದ ಆದಾಯ ಕುಗ್ಗಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹಠಾತ್ತಾಗಿ ನಿಷೇಧಿಸಿದ ಪರಿಣಾಮವಾಗಿ ಭತ್ತದ ಇಳುವರಿ ಕುಸಿಯಿತು. 2019ರ ಕೊನೆಯಲ್ಲಿ ಸುಮಾರು 760 ಕೋಟಿ ಡಾಲರ್ ಇದ್ದ ವಿದೇಶಿ ವಿನಿಮಯ ಸಂಗ್ರಹವು 2022ರ ಮಾರ್ಚ್ ವೇಳೆಗೆ ಸುಮಾರು 190 ಕೋಟಿಗೆ ಇಳಿದಿತ್ತು. ಡಾಲರಿಗೆ ಸುಮಾರು 200ರಷ್ಟಿದ್ದ ಶ್ರೀಲಂಕಾ ರೂಪಾಯಿ ಮೇ ವೇಳೆಗೆ 360ನ್ನು ದಾಟಿತು. ಸೆಪ್ಟೆಂಬರಿನಲ್ಲಿ ಕೊಲಂಬೊ ನಗರದ ಹಣದುಬ್ಬರ ಶೇ. 69.8ನ್ನೂ ಆಹಾರ ಪದಾರ್ಥಗಳ ಬೆಲೆಯೇರಿಕೆ ಶೇ. 94.9ನ್ನೂ ಮುಟ್ಟಿತು.

ಅನ್ನಕ್ಕೂ ಅಧಿಕಾರಕ್ಕೂ ಇರುವ ನಂಟು ಈ ದ್ವೀಪಕ್ಕೆ ಹೊಸದಲ್ಲ. 1953ರಲ್ಲಿ ಪಡಿತರ ಅಕ್ಕಿಯ ಬೆಲೆಯನ್ನು ಅಳತೆಯೊಂದಕ್ಕೆ 25 ಸೆಂಟಿನಿಂದ 70 ಸೆಂಟಿಗೆ ಏರಿಸಿದಾಗ ಆಗಸ್ಟ್ 12ರಂದು ದೇಶವ್ಯಾಪಿ ಹರತಾಳ ನಡೆದು, ಅದೇ ವರ್ಷ ಪ್ರಧಾನಿ ಡಡ್ಲಿ ಸೇನಾನಾಯಕೆ ರಾಜೀನಾಮೆ ನೀಡಬೇಕಾಯಿತು. 1970-77ರ ಅವಧಿಯ ಪಡಿತರ ಮತ್ತು ಬ್ರೆಡ್ಡಿನ ಸಾಲುಗಳು ಹಿರಿಯರ ಮಾತಿನಲ್ಲಿ ಬಹುಕಾಲ ಉಳಿದಿದ್ದವು. 2022ರ ಪೀಳಿಗೆಗೆ ಕೊರತೆಯನ್ನು ಅರ್ಥೈಸಿಕೊಳ್ಳಲು ಇಂತಹ ನೆನಪುಗಳ ಭಂಡಾರವೊಂದು ಒದಗಿತ್ತು ಎಂಬುದನ್ನು ಗಮನಿಸಬೇಕು.

2. ಸಾಲು

ಸಿಂಹಳದಲ್ಲಿ ‘ಪೋಲಿಮ’ ಎಂದರೆ ಸರತಿಯ ಸಾಲು. 2022ರಲ್ಲಿ ದೇಶದ ದಿನಚರಿಯನ್ನು ನಿಯಂತ್ರಿಸಿದ್ದು ಈ ಪೋಲಿಮವೇ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಅಡುಗೆ ಅನಿಲ, ಹಾಲಿನ ಪುಡಿ ಪ್ರತಿಯೊಂದಕ್ಕೂ ಒಂದೊಂದು ಸಾಲು. ಮಾರ್ಚಿನಲ್ಲಿ ಸಾಲಿನಲ್ಲಿ ನಿಂತಿದ್ದ ವೃದ್ಧರು ಕುಸಿದು ಮೃತಪಟ್ಟ ಘಟನೆಗಳು ನಡೆದವು. ಪೆಟ್ರೋಲ್ ಬಂಕುಗಳಿಗೆ ಸೈನಿಕರ ಕಾವಲು ಬಂತು. ಜನ ತಮ್ಮ ಬದಲಿಗೆ ಖಾಲಿ ಸಿಲಿಂಡರುಗಳನ್ನು ಸರಪಳಿಯಿಂದ ಬಿಗಿದು ಸಾಲಿನಲ್ಲಿ ನಿಲ್ಲಿಸಿದರು. ವಸ್ತುವು ವ್ಯಕ್ತಿಯ ಸ್ಥಾನದಲ್ಲಿ ನಿಲ್ಲುವುದು, ಆ ಸ್ಥಾನವನ್ನು ಉಳಿದವರು ಮಾನ್ಯ ಮಾಡುವುದು, ಬರೆಯದ ಕಟ್ಟಳೆಯೊಂದು ಹುಟ್ಟಿಕೊಳ್ಳುವ ಬಗೆಯನ್ನು ತೋರಿಸುತ್ತದೆ. ಸಾಲು ಬರಿಯ ಕಾಯುವಿಕೆಯ ಜಾಗವಾಗಿ ಉಳಿಯಲಿಲ್ಲ. ಬೇರೆ ಬೇರೆ ವರ್ಗ, ಭಾಷೆ, ಧರ್ಮಗಳ ಜನ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ, ಪರಸ್ಪರ ಮಾತನಾಡುವ ಅನಿವಾರ್ಯ ಸಭೆಯಾಗಿ ಅದು ಮಾರ್ಪಟ್ಟಿತು. ಜುಲೈ ತಿಂಗಳಲ್ಲಿ ವಾರಕ್ಕೆ ಇಂತಿಷ್ಟೇ ಇಂಧನವೆಂದು ಗೊತ್ತುಪಡಿಸುವ ಕ್ಯೂಆರ್ ಸಂಕೇತದ ಪದ್ಧತಿ ಜಾರಿಗೆ ಬಂದ ನಂತರವೇ ಸಾಲುಗಳು ಕ್ರಮೇಣ ಕರಗಿದವು.

3. ಒಲೆ ಮತ್ತು ಹೊಸ ವರ್ಷ

ಸಿಂಹಳ ಮತ್ತು ತಮಿಳು ಹೊಸ ವರ್ಷವು ಏಪ್ರಿಲ್ ಮಧ್ಯಭಾಗದಲ್ಲಿ, ಸೂರ್ಯನು ಮೇಷರಾಶಿಯನ್ನು ಪ್ರವೇಶಿಸುವ ಕಾಲಕ್ಕೆ ಬರುತ್ತದೆ. ಸಿಂಹಳರು ಇದನ್ನು ‘ಅವುರುದು’ ಎನ್ನುತ್ತಾರೆ. ಹಳೆಯ ವರ್ಷ ಮತ್ತು ಹೊಸ ವರ್ಷಗಳ ನಡುವಿನ ಸಂಧಿಕಾಲಕ್ಕೆ ‘ನೊನಗತೆ’ ಎಂದು ಹೆಸರು. ಆ ವೇಳೆಯಲ್ಲಿ ಒಲೆ ಉರಿಯದು, ಲೌಕಿಕ ಕೆಲಸಗಳು ನಡೆಯವು. ನಂತರ ಶುಭ ಮುಹೂರ್ತದಲ್ಲಿ, ನಿಗದಿತ ದಿಕ್ಕಿಗೆ ಮುಖಮಾಡಿ ಒಲೆ ಹೊತ್ತಿಸಿ ಹಾಲು ಉಕ್ಕಿಸುತ್ತಾರೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನವಾದ ‘ಕಿರಿಬತ್’ ಸಿದ್ಧವಾಗುತ್ತದೆ. ಬಳಿಕ ‘ಗನುದೆನು’, ಅಂದರೆ ಕೊಳ್ಳು-ಕೊಡುವ ಆಚರಣೆ. ಮನೆಯವರು, ನೆರೆಯವರು, ವ್ಯಾಪಾರಿಗಳು ಪರಸ್ಪರ ಹಣ ಬದಲಾಯಿಸಿಕೊಂಡು ವರ್ಷದ ವ್ಯವಹಾರಕ್ಕೆ ನಾಂದಿ ಹಾಡುತ್ತಾರೆ.

2022ರಲ್ಲಿ ಈ ಆಚರಣೆಯ ಪ್ರತಿಯೊಂದು ಘಟಕವೂ ಬಿಕ್ಕಟ್ಟಿಗೆ ಮುಖಾಮುಖಿಯಾಯಿತು. ಅನಿಲವಿಲ್ಲದ ಕಾರಣ ನಗರದ ಮನೆಗಳಲ್ಲಿಯೂ ಸೌದೆ ಒಲೆಗಳು ಮರಳಿದವು. ಉಕ್ಕಿಸಬೇಕಾದ ಹಾಲಿಗಾಗಿ ಸಾಲು ನಿಲ್ಲಬೇಕಾಯಿತು. ಇವೆಲ್ಲಕ್ಕಿಂತ ಮಿಗಿಲಾದ ವೈರುಧ್ಯವೆಂದರೆ, ಏಪ್ರಿಲ್ 12ರಂದು ಸರ್ಕಾರವು ವಿದೇಶಿ ಸಾಲಗಳ ಮರುಪಾವತಿಯನ್ನು ನಿಲ್ಲಿಸುವುದಾಗಿ ಘೋಷಿಸಿತು. ರಾಷ್ಟ್ರವು ತನ್ನ ಕೊಳ್ಳು-ಕೊಡುವಿಕೆಯನ್ನು ಸ್ಥಗಿತಗೊಳಿಸಿದ ಎರಡೇ ದಿನಗಳಲ್ಲಿ ಮನೆಮನೆಯ ಗನುದೆನು ಬಂದೊದಗಿತ್ತು. ಆಚರಣೆಯು ಇಲ್ಲಿ ಸಮೃದ್ಧಿಯ ಪ್ರದರ್ಶನವಾಗಿ ಉಳಿಯದೆ, ಪ್ರಭುತ್ವ ಕಳೆದುಕೊಂಡ ವಿಶ್ವಾಸವನ್ನು ಸಮುದಾಯವು ತನ್ನೊಳಗೆ ಉಳಿಸಿಕೊಳ್ಳುವ ಸಾಧನವಾಯಿತು.

4. ಗ್ರಾಮ

ದಿನಕ್ಕೆ 13 ಗಂಟೆಗಳವರೆಗೆ ವಿದ್ಯುತ್ ಇಲ್ಲದಿದ್ದ ಮಾರ್ಚ್ 31ರ ರಾತ್ರಿ, ಕೊಲಂಬೊ ಹೊರವಲಯದ ಮಿರಿಹಾನದಲ್ಲಿ ರಾಷ್ಟ್ರಾಧ್ಯಕ್ಷ ಗೋಟಬಯ ರಾಜಪಕ್ಸ ಅವರ ನಿವಾಸದ ಬಳಿ ಜನ ನೆರೆದರು. ಏಪ್ರಿಲ್ 9ರಂದು ಕೊಲಂಬೊದ ಕಡಲತೀರದ ಗಾಲ್ ಫೇಸ್ ಬಯಲಿನಲ್ಲಿ, ಅಧ್ಯಕ್ಷರ ಕಾರ್ಯಾಲಯದೆದುರು, ಬಿಡಾರಗಳು ತಲೆಯೆತ್ತಿದವು. ‘ಗೋಟಾ, ಮನೆಗೆ ಹೋಗು’ ಎಂಬರ್ಥದ ‘ಗೋಟಾ ಗೋ ಹೋಮ್’ ಘೋಷಣೆಯ ಕೊನೆಯ ಪದವನ್ನು ಸಿಂಹಳದ ‘ಗಮ’, ಅಂದರೆ ಗ್ರಾಮ, ಎಂದು ಬದಲಿಸಿ ಆ ನೆಲೆಗೆ ‘ಗೋಟಾ ಗೋ ಗಮ’ ಎಂದು ಹೆಸರಿಟ್ಟರು. ಈ ಶ್ಲೇಷೆ ಬರಿಯ ಮಾತಿನ ಚಮತ್ಕಾರವಲ್ಲ. ಗ್ರಾಮವೆಂದು ಕರೆದ ಮೇಲೆ ಗ್ರಾಮದ ಅಂಗಗಳೂ ಬೇಕಾದವು: ಗ್ರಂಥಾಲಯ, ವೈದ್ಯಶಾಲೆ, ಕಾನೂನು ನೆರವಿನ ಡೇರೆ, ಪಾಠದ ಜಾಗ, ಎಲ್ಲಕ್ಕೂ ಮಿಗಿಲಾಗಿ ಉಚಿತ ಅಡುಗೆಮನೆ. ವೆಸಾಕ್ ಹಬ್ಬದಲ್ಲಿ ದಾರಿಹೋಕರಿಗೆಲ್ಲ ಅನ್ನಪಾನ ನೀಡುವ ‘ದನ್ಸಲ್’ ಸಂಪ್ರದಾಯ ಸಿಂಹಳ ಬೌದ್ಧರಲ್ಲಿ ಪ್ರಸಿದ್ಧವಾದುದು; ಗಾಲ್ ಫೇಸಿನ ಊಟದ ಡೇರೆಗಳಲ್ಲಿ ಅದೇ ಮಾದರಿಯನ್ನು ಕಾಣಬಹುದು. ಹೊಸ ವರ್ಷದ ಒಲೆಯೂ ಅಲ್ಲಿಯೇ ಹೊತ್ತಿತು, ರಂಜಾನಿನ ಇಫ್ತಾರವೂ ಅಲ್ಲಿಯೇ ನಡೆಯಿತು.

ಹೆಸರಿಡುವ ಈ ಕ್ರಮ ಬೇಗನೆ ಹಬ್ಬಿತು. ಪ್ರಧಾನಿ ಮಹಿಂದ ರಾಜಪಕ್ಸ ಅವರ ನಿವಾಸದೆದುರು ‘ಮೈನಾ ಗೋ ಗಮ’ ತಲೆಯೆತ್ತಿತು. ಬಾಸಿಲ್ ರಾಜಪಕ್ಸ ಅವರನ್ನು ಕಾಗೆಗೆ ಹೋಲಿಸಿ, ಕಾಗೆಯ ಕೂಗಿನ ಅನುಕರಣೆಯನ್ನೇ ಘೋಷಣೆಯ ಪಲ್ಲವಿಯಾಗಿಸಿಕೊಂಡರು. ಆಳುವವರನ್ನು ಹಕ್ಕಿಗಳ ಲೋಕಕ್ಕೆ ಇಳಿಸುವ ಈ ಅಣಕ ಜನಪದ ಕಥನಗಳ ಪ್ರಾಣಿರೂಪಕಗಳ ಮುಂದುವರಿಕೆಯೇ ಆಗಿದೆ. ತಿಂಗಳ 9ನೆಯ ತಾರೀಖೂ ವಿಶೇಷ ಅರ್ಥ ಪಡೆಯಿತು. ಮೇ 9ರಂದು ಮಹಿಂದ, ಜೂನ್ 9ರಂದು ಸಂಸತ್ ಸ್ಥಾನಕ್ಕೆ ಬಾಸಿಲ್ ರಾಜೀನಾಮೆ ನೀಡಿದರು. ಜುಲೈ 9ರಂದು ಜನಸಾಗರವು ಅಧ್ಯಕ್ಷರ ಅರಮನೆಯನ್ನು ಹೊಕ್ಕಿತು. ಧಾತು ಬರದ ಹಾಗೆ ಇಲ್ಲಿ ತಾರೀಖೇ ನೆನಪಿನ ಹೆಸರಾಯಿತು.

ಈ ಚಿತ್ರವನ್ನು ಕೇವಲ ಹಬ್ಬವೆಂದು ಬಣ್ಣಿಸುವುದು ಸಲ್ಲದು. ಏಪ್ರಿಲ್ 19ರಂದು ರಂಬುಕ್ಕನದಲ್ಲಿ ಪೊಲೀಸರ ಗುಂಡಿಗೆ ಪ್ರತಿಭಟನಕಾರರೊಬ್ಬರು ಬಲಿಯಾದರು. ಮೇ 9ರಂದು ಆಡಳಿತ ಪಕ್ಷದ ಬೆಂಬಲಿಗರು ಗಾಲ್ ಫೇಸಿನ ಬಿಡಾರಗಳ ಮೇಲೆ ದಾಳಿ ಮಾಡಿದರು. ಪ್ರತೀಕಾರದ ಹಿಂಸೆಯಲ್ಲಿ ಸಂಸದರೊಬ್ಬರೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡರು, ಅನೇಕ ಮನೆಗಳು ಸುಟ್ಟವು.

5. ಹಾಲನ್ನ ಮತ್ತು ಗಂಜಿ

ಈ ವರ್ಷದ ಅತ್ಯಂತ ಮಹತ್ವದ ಸಾಂಸ್ಕೃತಿಕ ಘಟನೆ ಮೇ 18ರಂದು ನಡೆಯಿತು ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. 2009ರ ಮೇ ತಿಂಗಳಲ್ಲಿ ಅಂತರ್ಯುದ್ಧ ಮುಗಿದಾಗ ದಕ್ಷಿಣದ ಬೀದಿಗಳಲ್ಲಿ ಕಿರಿಬತ್ ಹಂಚಿ ವಿಜಯೋತ್ಸವ ಆಚರಿಸಲಾಗಿತ್ತು. ಅದೇ ವೇಳೆ ಮುಳ್ಳಿವಾಯ್ಕಾಲಿನಲ್ಲಿ ಸಿಕ್ಕಿಬಿದ್ದಿದ್ದ ತಮಿಳರು ಅಕ್ಕಿಯ ತೆಳುಗಂಜಿಯಿಂದ ಜೀವ ಹಿಡಿದಿದ್ದರು. ಆ ಗಂಜಿ ಮುಂದೆ ತಮಿಳರಲ್ಲಿ ಸ್ಮರಣೆಯ ಆಹಾರವಾಯಿತು. ಉತ್ತರ ಮತ್ತು ಪೂರ್ವ ಪ್ರಾಂತಗಳಲ್ಲಿ ಈ ಸ್ಮರಣೆಗೆ ಹಲವು ಬಾರಿ ಅಡ್ಡಿಯೂ ಎದುರಾಗಿತ್ತು. 2022ರ ಮೇ 18ರಂದು ಅದೇ ಗಂಜಿಯನ್ನು ಗಾಲ್ ಫೇಸಿನಲ್ಲಿ, ಸಿಂಹಳರೂ ಸೇರಿದ್ದ ಸಭೆಯಲ್ಲಿ, ಬಹಿರಂಗವಾಗಿ ಹಂಚಲಾಯಿತು. ಒಂದೇ ಅಕ್ಕಿಯ ಎರಡು ಅಡುಗೆಗಳು: ಒಂದು ಮಂಗಳದ್ದು, ಇನ್ನೊಂದು ಶೋಕದ್ದು. ತಾವೇ ಸಾಲಿನಲ್ಲಿ ನಿಂತು ಕೊರತೆಯನ್ನು ಕಂಡ ಬಳಿಕವೇ ಹಲವರಿಗೆ ಇತರರ ಗಂಜಿಯ ಅರ್ಥ ತಿಳಿಯಿತು ಎನ್ನಬಹುದು.

ಹಾಗೆಂದು ಭೇದಗಳು ಅಳಿದವೆಂದಲ್ಲ. 1990ರ ದಶಕದ ಆರ್ಥಿಕ ದಿಗ್ಬಂಧನವನ್ನು ಅನುಭವಿಸಿದ್ದ ಯಾಳ್ಪಾಣದ ಜನರಿಗೆ ಇಂಧನವಿಲ್ಲದ ಬದುಕು ಹೊಸ ಸಂಗತಿಯಾಗಿರಲಿಲ್ಲ. ಅವರಲ್ಲಿ ಅನೇಕರು ಈ ಹೋರಾಟವನ್ನು ದೂರದಿಂದಲೇ ನೋಡಿದರು. ಆಹಾರದ ಅಭದ್ರತೆ ತೀವ್ರವಾಗಿದ್ದುದು ಚಹಾ ತೋಟಗಳ ತಮಿಳು ಕಾರ್ಮಿಕರಲ್ಲಿ. ಸಿಂಹಳರು ‘ಅರಗಲಯ’ ಎಂದದ್ದನ್ನು ತಮಿಳರು ‘ಪೋರಾಟ್ಟಂ’ ಎಂದರು. ಈ ಎರಡನೆಯ ಪದವು ಕನ್ನಡದ ‘ಹೋರಾಟ’ಕ್ಕೆ ಜ್ಞಾತಿಪದ. ಒಂದೇ ಬಯಲಿನಲ್ಲಿ ಎರಡು ಪದಗಳಿದ್ದವು, ಎರಡು ಇತಿಹಾಸಗಳೂ ಇದ್ದವು.

6. ಸಮಾರೋಪ

ಜುಲೈ 9ರ ನಂತರ ಅರಮನೆಯನ್ನು ನೋಡಲು ಸಾಮಾನ್ಯ ಜನ, ಮಕ್ಕಳು ಮರಿಗಳೊಂದಿಗೆ, ಉದ್ದನೆಯ ಸಾಲಿನಲ್ಲಿ ನಿಂತರು. ಒಳಗೆ ದೊರೆತ ಸುಮಾರು 1.78 ಕೋಟಿ ರೂಪಾಯಿ ನಗದನ್ನು ಪ್ರತಿಭಟನಕಾರರು ಪೊಲೀಸರಿಗೆ ಒಪ್ಪಿಸಿದರು. ಕೊರತೆಯು ಕಲಿಸಿದ ಪೋಲಿಮವನ್ನು ಜನ ಅಧಿಕಾರದ ಹೊಸ್ತಿಲಲ್ಲಿ ತಾವಾಗಿಯೇ ಪಾಲಿಸಿದ್ದು ಗಮನಾರ್ಹ. ಗೋಟಬಯ ಅವರು ಜುಲೈ 13ರಂದು ದೇಶ ತೊರೆದು, ಮರುದಿನ ರಾಜೀನಾಮೆ ಕಳುಹಿಸಿದರು. ಜುಲೈ 22ರ ನಸುಕಿನಲ್ಲಿ ಸೈನಿಕರು ಬಿಡಾರಗಳ ಮೇಲೆರಗಿದರು. ಆಗಸ್ಟಿನಲ್ಲಿ ಆ ಗ್ರಾಮ ತೆರವಾಯಿತು. 2023ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆರ್ಥಿಕ ಕುಸಿತಕ್ಕೆ ರಾಜಪಕ್ಸ ಸಹೋದರರನ್ನೂ ಕೆಲವು ಅಧಿಕಾರಿಗಳನ್ನೂ ಹೊಣೆಯಾಗಿಸಿತು.

ಒಟ್ಟಿನಲ್ಲಿ, 2022ರ ಶ್ರೀಲಂಕಾದ ಜನಜಾಗೃತಿಯನ್ನು ಸಾಮಾಜಿಕ ಜಾಲತಾಣಗಳ ಫಲವೆಂದಷ್ಟೇ ವಿವರಿಸುವುದು ಅಪೂರ್ಣವಾಗುತ್ತದೆ. ಕರೆ ಹೊಸ ಮಾಧ್ಯಮದಲ್ಲಿ ಬಂದಿರಬಹುದು. ನೆರೆದವರು ಏನು ಮಾಡಬೇಕೆಂಬುದನ್ನು ತಿಳಿಸಿದ್ದು ಒಲೆ, ದಾನ, ಅಣಕ, ಸ್ಮರಣೆಗಳ ಹಳೆಯ ವ್ಯಾಕರಣ. ಆ ವ್ಯಾಕರಣಕ್ಕೆ ತನ್ನದೇ ಆದ ಮಿತಿಯೂ ಇದೆ. ವಿಜಯದ ಹಾಲನ್ನವನ್ನು ಹಂಚಲು ಬಳಕೆಯಾದ ರೂಪಗಳೇ ದುಃಖದ ಗಂಜಿಯನ್ನು ಹಂಚಲೂ ಬಳಕೆಯಾದವು. ಆಚರಣೆ ತಾನಾಗಿಯೇ ಜನರನ್ನು ಒಂದುಗೂಡಿಸುವುದಿಲ್ಲ. ಯಾರೊಡನೆ ಕುಳಿತು ಉಣ್ಣಬೇಕೆಂಬ ನಿರ್ಧಾರವನ್ನು ಪ್ರತಿ ಪೀಳಿಗೆಯೂ ಹೊಸದಾಗಿ ಮಾಡಬೇಕಾಗುತ್ತದೆ. ಬಿಕ್ಕಟ್ಟಿನ ಕಾಲದ ಇಂತಹ ಆಹಾರಗಳು, ಹೆಸರುಗಳು, ಘೋಷಣೆಗಳು ಮರೆಯಾಗುವ ಮುನ್ನ ಅವುಗಳನ್ನು ಸಿಂಹಳ ಮತ್ತು ತಮಿಳು ಎರಡೂ ಮೂಲಗಳಿಂದ ಸಂಗ್ರಹಿಸಿ, ದಕ್ಷಿಣ ಏಷ್ಯಾದ ಬರಗಾಲದ ಜಾನಪದದೊಂದಿಗೆ ತೌಲನಿಕವಾಗಿ ಅಧ್ಯಯನ ಮಾಡುವುದು ಜಾನಪದ ವಿದ್ವಾಂಸರ ಮುಂದಿರುವ ಕೆಲಸವಾಗಿದೆ.