ಕಾವಲಿಗೆ ನೀರು, ಅಂಚಿಗೆ ಎಣ್ಣೆ

2009ರ ಏಪ್ರಿಲ್ 5, ಭಾನುವಾರ ಬೆಳಿಗ್ಗೆ. ಕೋಲಾರದ ಹತ್ತಿರದ ಒಂದು ಹಳ್ಳಿಯಿಂದ ಪೈಲಟ್ ಇಲ್ಲದ ವಿಮಾನವೊಂದು ಮೇಲೆದ್ದಿತು. ಹೆಸರು ನಿಶಾಂತ್. ಸೇನೆಗೆ ದೂರದಿಂದಲೇ ಕಣ್ಣಾಗಲೆಂದು ಬೆಂಗಳೂರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಎಡಿಇ ರೂಪಿಸಿದ ಈ ವಿಮಾನ ಹಾರುವುದು ಆ ಹೊತ್ತಿಗೆ ಹೊಸ ಸುದ್ದಿಯೇನಲ್ಲ. ಅದುವರೆಗೆ ಅದು ಹೊರದೇಶದ ಎಂಜಿನ್ ಕಟ್ಟಿಕೊಂಡು ಹಾರುತ್ತಿತ್ತು. ಅವತ್ತು ಅದರ ಬೆನ್ನಿಗಿದ್ದದ್ದು ಇಲ್ಲಿಯೇ ಮಾಡಿದ, ಸುಮಾರು 30 ಕಿಲೋ ತೂಕದ ಎಂಜಿನ್. ಕೋಲಾರದ ಎಪಿಎಂಸಿ ಲೆಕ್ಕದಲ್ಲಿ ಹೇಳುವುದಾದರೆ ಎರಡು ಬಾಕ್ಸ್ ಟೊಮೆಟೊ. ಆ ಎರಡು ಬಾಕ್ಸಿನಷ್ಟು ಲೋಹ ವಿಮಾನವನ್ನು 1.8 ಕಿ.ಮೀ. ಎತ್ತರಕ್ಕೆ ಸಲೀಸಾಗಿ ಏರಿಸಿತು, 35 ನಿಮಿಷ ಸುತ್ತಾಡಿಸಿತು. ಒಟ್ಟು 40 ನಿಮಿಷವಾದ ಮೇಲೆ ನಿಶಾಂತ್ ಗೊತ್ತುಮಾಡಿದ ಜಾಗಕ್ಕೇ ಬಂದಿಳಿಯಿತು. ಆ ಜಾಗ ಒಂದು ಒಣಗಿದ ಕೆರೆ.

ಎಂಜಿನ್ನಿನ ತಿರುಳನ್ನು ಮಾಡಿದ್ದು ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್. ಇಂಧನ, ಕಿಡಿ ಮುಂತಾದ ಸುತ್ತಲಿನ ವ್ಯವಸ್ಥೆ ಅಹಮದ್‌ನಗರದ ವಾಹನ ಸಂಶೋಧನಾ ಸಂಸ್ಥೆ ವಿಆರ್‌ಡಿಇಯದು. ಅದು ಪಿಸ್ಟನ್ ಇಲ್ಲದ ಎಂಜಿನ್. ಅದನ್ನು ಮೊದಲು ಯೋಚಿಸಿದ ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್‌ನ ಹೆಸರಿನಲ್ಲೇ ಕರೆಯುತ್ತಾರೆ. ಮಾಜ್ದಾ ಕಂಪನಿಯ ಆರ್‌ಎಕ್ಸ್-7, ಆರ್‌ಎಕ್ಸ್-8 ಕಾರುಗಳ ಹೊಟ್ಟೆಯಲ್ಲಿರುವುದೂ ಇದೇ ಜಾತಿ. ನಮ್ಮ ಕಡೆ ಮಾಜ್ದಾ ಅಂದರೆ ತರಕಾರಿ ಹೊತ್ತು ಹೊಗೆಯುಗುಳುವ ಹಳೆಯ ಸ್ವರಾಜ್ ಮಾಜ್ದಾ ನೆನಪಾಗುತ್ತದೆ. ಅದರ ಎಂಜಿನ್ನಿಗೂ ಇದಕ್ಕೂ ಸಂಬಂಧವಿಲ್ಲ, ಅದು ಡೀಸೆಲ್ ಕುಡಿಯುವ ಸಾದಾ ಪಿಸ್ಟನ್ ಬಂಡಿ.

ಹಿಟ್ಟು ರುಬ್ಬುವ ಒರಳನ್ನು ನೆನಪಿಸಿಕೊಳ್ಳಿ. ಗುಂಡುಕಲ್ಲು ನಿಂತಲ್ಲೇ ತಿರುಗುವುದಿಲ್ಲ. ತಾನೂ ತಿರುಗುತ್ತ, ಗುಂಡಿಯ ಸುತ್ತಲೂ ಓಲಾಡುತ್ತ ಸಾಗುತ್ತದೆ. ಒಂದು ಬದಿಯಲ್ಲಿ ಸಂದು ಅಗಲವಾದಾಗ ಹಿಟ್ಟು ಒಳಸರಿಯುತ್ತದೆ, ಅದೇ ಸಂದು ಕಿರಿದಾದಾಗ ಅರೆಯುತ್ತದೆ. ಗುಂಡುಕಲ್ಲನ್ನು ಹೊಟ್ಟೆ ಉಬ್ಬಿದ ತ್ರಿಕೋನ ಮಾಡಿ. ಒರಳಿನ ಗುಂಡಿಯನ್ನು ಎರಡು ಬೀಜದ ನೆಲಗಡಲೆಕಾಯಿಯಂತೆ, ನಡು ಕೊಂಚ ಸೊರಗಿದ ಆಕಾರಕ್ಕೆ ತನ್ನಿ. ವ್ಯಾಂಕೆಲ್ ಎಂಜಿನ್ ಬಹುಪಾಲು ಆಗಿಹೋಯಿತು. ತ್ರಿಕೋನದ ಮೂರು ಮೂಲೆಗಳೂ ಯಾವಾಗಲೂ ಗೋಡೆಗೆ ತಾಗಿಕೊಂಡೇ ಇರುತ್ತವೆ, ಹಾಗಾಗಿ ಮೂರು ಕೋಣೆಗಳು. ಪ್ರತಿ ಕೋಣೆಯೂ ಒಂದು ಸುತ್ತಿನಲ್ಲಿ ಗಾಳಿ-ಪೆಟ್ರೋಲು ಎಳೆದುಕೊಳ್ಳುತ್ತದೆ, ಅದುಮುತ್ತದೆ, ಉರಿಸುತ್ತದೆ, ಉಗುಳುತ್ತದೆ. ತ್ರಿಕೋನ ಒಂದು ಸುತ್ತು ಬರುವಷ್ಟರಲ್ಲಿ ನಡುವಿನ ದಂಡ ಮೂರು ಸುತ್ತು ಬಂದಿರುತ್ತದೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಮೇಲೆ ಕೆಳಗೆ ಬಡಿದಾಡುವ ಯಾವುದೂ ಇಲ್ಲ. ಅದಕ್ಕೇ ಅಷ್ಟು ಹಗುರ, ಅಷ್ಟು ನಯ. ಜರ್ಮನಿಯ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಎಂಜಿನ್ ಉಸಿರಾಡಿದ್ದು 1957ರ ಫೆಬ್ರುವರಿಯಲ್ಲಿ. ಜಗತ್ತಿನ ಹಲವು ದೊಡ್ಡ ಕಾರು ಕಂಪನಿಗಳು ಅದರ ಹಿಂದೆ ಬಿದ್ದವು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹೆಚ್ಚಿನವು ಕೈ ಸುಟ್ಟುಕೊಂಡು ಹಿಂದೆ ಸರಿದವು.

ಸುಟ್ಟುಕೊಂಡವು ಎಂಬ ಮಾತು ಬರಿಯ ಅಲಂಕಾರವಲ್ಲ. ಮುಳಬಾಗಿಲಿನ ಹೋಟೆಲಿನಲ್ಲಿ ದೋಸೆ ಹುಯ್ಯುವವರ ಪಕ್ಕ ಐದು ನಿಮಿಷ ನಿಂತು ನೋಡಿ. ಒಂದು ದೋಸೆ ಎದ್ದಮೇಲೆ ಕಾವಲಿಗೆ ಒಂದು ಕೈ ನೀರು ಚಿಮುಕಿಸುತ್ತಾರೆ, ಚುಂಯ್ ಎನ್ನುತ್ತದೆ, ಪೊರಕೆಯಿಂದ ಗುಡಿಸಿ ಎಣ್ಣೆ ಸವರುತ್ತಾರೆ. ನೀರು ಕಾವಿಗೆ, ಎಣ್ಣೆ ಹಿಟ್ಟು ಹಿಡಿಯದಿರಲಿಕ್ಕೆ. ಮಾಮೂಲಿ ಪಿಸ್ಟನ್ ಎಂಜಿನ್ ನಡೆಯುವುದೂ ಹಾಗೆಯೇ: ಬೆಂಕಿ ಉರಿದ ಜಾಗಕ್ಕೇ ಮುಂದಿನ ಸುತ್ತಿನಲ್ಲಿ ತಣ್ಣನೆಯ ಗಾಳಿ-ಪೆಟ್ರೋಲು ಬಂದು ತುಂಬುತ್ತದೆ, ಗೋಡೆಗೆ ಕ್ಷಣಕಾಲ ಬಿಡುವು. ವ್ಯಾಂಕೆಲ್‌ಗೆ ಆ ಬಿಡುವಿಲ್ಲ. ಅಲ್ಲಿ ಒಲೆ ಇರುವ ಕಡೆ ಯಾವಾಗಲೂ ಒಲೆಯೇ. ಸ್ಪಾರ್ಕ್ ಪ್ಲಗ್ ಇರುವ ಬದಿಯಲ್ಲೇ ಪ್ರತಿಸಲವೂ ಬೆಂಕಿ, ಎದುರು ಬದಿಯಲ್ಲೇ ಪ್ರತಿಸಲವೂ ತಂಪು ಗಾಳಿ. ದಂಡ ನಿಮಿಷಕ್ಕೆ 8,000 ಸುತ್ತು ತಿರುಗಿದರೆ ಒಂದು ತ್ರಿಕೋನದ ಎಂಜಿನ್ನಿನಲ್ಲಿ ಸೆಕೆಂಡಿಗೆ 133 ಸಲ ಒಂದೇ ಮೂಲೆಯಲ್ಲಿ ಉರಿ.

ಒಂದೇ ಬದಿಗೆ ಕಾವು ಹೆಚ್ಚಾದರೆ ಏನಾಗುತ್ತದೆಂದು ಮಾಲೂರಿನ ಹೆಂಚಿನ ಗೂಡುಗಳಲ್ಲಿ ದುಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಂಚು ಸೊಟ್ಟಗಾಗುತ್ತದೆ. ಇಲ್ಲಿ ಸೊಟ್ಟಗಾಗುವುದು ಅಲ್ಯೂಮಿನಿಯಂ. ಈ ಎಂಜಿನ್ನನ್ನು ಜೋಡಿಸುವುದೇ ಟಿಫಿನ್ ಕ್ಯಾರಿಯರ್ ಥರ: ತಟ್ಟೆ, ಡಬ್ಬಿ, ತಟ್ಟೆ, ಡಬ್ಬಿ, ತಟ್ಟೆ. ಎಲ್ಲವನ್ನೂ ಉದ್ದನೆಯ ಬೋಲ್ಟುಗಳು ಬಿಗಿಹಿಡಿದಿರುತ್ತವೆ. ತಟ್ಟೆ-ಡಬ್ಬಿಗಳ ನಡುವೆ ನೀರು ಸೋರದಂತೆ ರಬ್ಬರ್ ಬಳೆಗಳು. ಒಮ್ಮೆ, ಒಂದೇ ಒಮ್ಮೆ, ನೀರು ಕುದಿಯಲು ಬಿಟ್ಟರೆ ಡಬ್ಬಿ ಬಾಗುತ್ತದೆ, ರಬ್ಬರ್ ಬೇಯುತ್ತದೆ. ಮರುದಿನ ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಹಿಂದಿನ ಕೊಳವೆಯಿಂದ ಬಿಳಿಯ ಹಬೆ. ಎಂಜಿನ್ ಬಿಚ್ಚದೆ ಬೇರೆ ದಾರಿಯಿಲ್ಲ. ಶ್ರೀನಿವಾಸಪುರದಿಂದ ಮಾವು ತುಂಬಿಕೊಂಡು ಮೇ ತಿಂಗಳಲ್ಲಿ ಹೊರಟ ಟೆಂಪೊ ದಾರಿಯಲ್ಲಿ ಕುದಿದು ನಿಂತರೆ ಡ್ರೈವರ್ ಒದ್ದೆ ಗೋಣಿಚೀಲ ಹೊದಿಸಿ, ಬೀಡಿ ಹಚ್ಚಿ, ಅರ್ಧ ಗಂಟೆ ಬಿಟ್ಟು ನೀರು ಹುಯ್ದು ಹೊರಟುಬಿಡುತ್ತಾನೆ. ವ್ಯಾಂಕೆಲ್ ಅಂಥ ತಪ್ಪನ್ನು ಕ್ಷಮಿಸುವುದಿಲ್ಲ.

ಇನ್ನು ಎಣ್ಣೆಯ ಕಥೆ. ತ್ರಿಕೋನದ ಮೂರೂ ಮೂಲೆಗಳಲ್ಲಿ ಒಂದೊಂದು ಸಣ್ಣ ಪಟ್ಟಿ ಇರುತ್ತದೆ. ಆರ್‌ಎಕ್ಸ್-7ರ ಕೊನೆಯ ತಲೆಮಾರಿನಲ್ಲಿ ಅದರ ಉದ್ದ 80 ಮಿಲಿಮೀಟರ್, ದಪ್ಪ 2 ಮಿಲಿಮೀಟರ್. ಒಂದು ಐಸ್‌ಕ್ಯಾಂಡಿ ಕಡ್ಡಿ ಅನ್ನಿ. ಕೋಣೆಯಿಂದ ಕೋಣೆಗೆ ಗಾಳಿ ನುಸುಳದಂತೆ ತಡೆಯುವುದು ಈ ಕಡ್ಡಿಯೇ. ಗೋಡೆಯನ್ನು ಉಜ್ಜುತ್ತ ಓಡುವುದೇ ಅದರ ಬದುಕು. ಎನ್‌ಎಸ್‌ಯು ಕಂಪನಿ 1967ರಲ್ಲಿ ಮಾರುಕಟ್ಟೆಗೆ ಬಿಟ್ಟ ರೋ 80 ಕಾರಿನಲ್ಲಿ ಈ ಪಟ್ಟಿಗಳು ಬೇಗ ಸವೆದು ಎಂಜಿನ್ನುಗಳು ಸಾಲುಸಾಲಾಗಿ ಕೈಕೊಟ್ಟವು. ಕಂಪನಿಯ ಸ್ವತಂತ್ರ ಬಾಳು ಅದರೊಂದಿಗೇ ಮುಗಿಯಿತು. ಅತ್ತ ಜಪಾನಿನಲ್ಲಿ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ತಂಡ ತನ್ನ ಎಂಜಿನ್ ಬಿಚ್ಚಿ ನೋಡಿದಾಗ ಗೋಡೆಯ ತುಂಬ ಅಲೆಯಲೆಯಾಗಿ ಗೀರುಗಳು. ಪಟ್ಟಿ ನಡುಗುತ್ತ ಓಡಿದ್ದರ ಗುರುತು ಅದು. ಅವರು ಅದಕ್ಕಿಟ್ಟ ಹೆಸರು ಸೈತಾನನ ಉಗುರಿನ ಗೀರು.

ಪರಿಹಾರ ಎರಡು ಕಡೆಯಿಂದ ಬಂತು. ಪಟ್ಟಿಯ ಲೋಹ ಬದಲಿಸುವುದು ಒಂದು, ಗೋಡೆಯ ಮೈ ಬದಲಿಸುವುದು ಇನ್ನೊಂದು. ಗೋಡೆಗೆ ನಿಕ್ಕಲ್ ಲೇಪ, ಆ ಲೇಪದೊಳಗೆ ಸಾಣೆಕಲ್ಲಿನಷ್ಟು ಗಡುಸಾದ ಸಿಲಿಕಾನ್ ಕಾರ್ಬೈಡಿನ ಸಣ್ಣ ಕಣಗಳು. ನಿಕ್ಕಲ್ ಸ್ವಲ್ಪ ಸವೆಯುತ್ತದೆ, ಕಣಗಳು ನಿಲ್ಲುತ್ತವೆ, ಕಣಗಳ ನಡುವಿನ ತಗ್ಗುಗಳಲ್ಲಿ ಎಣ್ಣೆ ಕೂರುತ್ತದೆ. ಜರ್ಮನಿಯ ಮಾಲೆ ಕಂಪನಿ ಇದನ್ನು ಹುಡುಕಿದ್ದೇ ವ್ಯಾಂಕೆಲ್‌ಗಾಗಿ. ಆಮೇಲೆ ಅದು ರೇಸ್ ಬೈಕುಗಳ ಸಿಲಿಂಡರುಗಳಿಗೂ ಹರಡಿತು. ಕೋಲಾರದಲ್ಲಿ ಹಾರಿದ ಎಂಜಿನ್ನಿಗೆ ಎನ್‌ಎಎಲ್ ಹಚ್ಚಿದ್ದೂ ಇದೇ ನಿಕ್ಕಲ್-ಸಿಲಿಕಾನ್ ಕಾರ್ಬೈಡ್ ಲೇಪವನ್ನು. ಹಾರಾಟದ ಸುದ್ದಿಯಲ್ಲಿ ಎತ್ತರ, ನಿಮಿಷಗಳನ್ನು ಎಲ್ಲರೂ ಬರೆದರು. ನನ್ನನ್ನು ಕೇಳಿದರೆ ಅವತ್ತಿನ ದೊಡ್ಡ ಸುದ್ದಿ ಆ ತೆಳು ಲೇಪವೇ.

ಆದರೆ ಲೇಪ ಎಷ್ಟೇ ಗಟ್ಟಿಯಿರಲಿ, ಒಣಗಿದ ಕಾವಲಿಗೆ ದೋಸೆ ಹಿಡಿಯದೆ ಬಿಡದು. ಹಾಗಾಗಿ ಈ ಎಂಜಿನ್ ಎಣ್ಣೆಯನ್ನು ಬೇಕೆಂದೇ ಸುಡುತ್ತದೆ. ಒಂದು ಪುಟ್ಟ ಪಂಪು ಸಂಪಿನಿಂದ ಹನಿ ಹನಿ ಎಣ್ಣೆ ಎತ್ತಿ ಗೋಡೆಗೆ ಬಿಡುತ್ತದೆ. ಪಟ್ಟಿ ಅದನ್ನು ಸವರಿಕೊಂಡು ಹೋಗುತ್ತದೆ, ಬೆಂಕಿ ಅದನ್ನು ನುಂಗುತ್ತದೆ. ಎಣ್ಣೆ ಕಡಿಮೆಯಾಗಿದೆ, ಎಂಜಿನ್ ಕೆಟ್ಟಿದೆ ಎಂದು ಹೊಸಬರು ಗಾಬರಿಬೀಳುತ್ತಾರೆ. ಕಡಿಮೆಯಾಗದಿದ್ದರೆ ಗಾಬರಿಬೀಳಬೇಕು. ರೇಸ್ ಟ್ರ್ಯಾಕಿಗೆ ಇಳಿಯುವವರು ಪಂಪನ್ನೂ ಪೂರ್ತಿ ನಂಬದೆ ಪೆಟ್ರೋಲಿಗೇ ಲೀಟರಿಗೆ ಏಳೆಂಟು ಮಿಲಿಲೀಟರ್ ಟೂ-ಟಿ ಎಣ್ಣೆ ಬೆರೆಸುತ್ತಾರೆ. ಮೈಸೂರಿನ ಯೆಜ್ಡಿ ಬೈಕ್ ಓಡಿಸಿದ ತಲೆಮಾರಿಗೆ ಇದು ಹೊಸದಲ್ಲ, ಬಂಕಿನಲ್ಲಿ ಅಳತೆಯ ಲೋಟ ಹಿಡಿದು ಎಣ್ಣೆ ಹುಯ್ಸಿಕೊಂಡವರು ಅವರು. ಯೆಜ್ಡಿಗೆ ಇದರ ನಾಲ್ಕೈದು ಪಟ್ಟು ಬೇಕಿತ್ತು ಅಷ್ಟೆ.

ಎಣ್ಣೆಗೆ ಇನ್ನೊಂದು ಕೆಲಸವೂ ಇದೆ, ಇದು ಅನೇಕ ಮೆಕ್ಯಾನಿಕ್‌ಗಳಿಗೂ ಹೊಳೆಯದ ವಿಷಯ. ಗೋಡೆಯ ಹಿಂದೆ ನೀರು ಹರಿಸಬಹುದು. ತಿರುಗುವ ತ್ರಿಕೋನದೊಳಗೆ ಹೇಗೆ ಹರಿಸುತ್ತೀರಿ? ಮಾಜ್ದಾ ಎಂಜಿನ್ನಿನಲ್ಲಿ ಟೊಳ್ಳು ದಂಡದ ತೂತುಗಳಿಂದ ಎಣ್ಣೆ ಚಿಮ್ಮಿ ತ್ರಿಕೋನದ ಒಳಮೈಯನ್ನು ತೊಳೆಯುತ್ತದೆ. ಎಂಜಿನ್ನಿನಿಂದ ಹೊರಗೆ ಹೋಗಬೇಕಾದ ಕಾವಿನಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಂದು ಪಾಲನ್ನು ಹೊರುವುದು ಎಣ್ಣೆಯೇ. ಸಾದಾ ಕಾರಿನಲ್ಲಿ ಎಣ್ಣೆಗೆ ಪ್ರತ್ಯೇಕ ಕೂಲರ್ ಇಲ್ಲದಿದ್ದರೂ ನಡೆದೀತು, ಇಲ್ಲಿ ಅದು ರೇಡಿಯೇಟರಿನಷ್ಟೇ ಮುಖ್ಯ. ಟ್ರ್ಯಾಕಿಗೆ ಹೋಗುವವರು ಮೊದಲು ಮಾಡುವ ಕೆಲಸವೇ ಒಂದಿದ್ದ ಕಡೆ ಎರಡು ಎಣ್ಣೆ ಕೂಲರ್ ಕೂರಿಸುವುದು.

ಕೂರಿಸಿದರೆ ಸಾಲದು, ಗಾಳಿ ಅದರ ಮೂಲಕವೇ ಹೋಗಬೇಕು. ಗಾಳಿಗೂ ನಮ್ಮಂತೆ ಸುಲಭದ ದಾರಿ ಇಷ್ಟ. ರೇಡಿಯೇಟರಿನ ಅಕ್ಕಪಕ್ಕ ಎರಡು ಬೆರಳಿನ ಸಂದು ಬಿಟ್ಟರೂ ಜಾಲರಿಯೊಳಗೆ ನುಗ್ಗುವ ಬದಲು ಸಂದಿನಿಂದ ಜಾರಿಕೊಳ್ಳುತ್ತದೆ. ಸಾವಿರಾರು ರೂಪಾಯಿಯ ದೊಡ್ಡ ರೇಡಿಯೇಟರ್ ಹಾಕಿಸಿಯೂ ಕಾರು ಕುದಿಯುತ್ತದೆಂದು ಗೋಳಾಡುವವರಿಗೆ ಬೇಕಾಗಿರುವುದು ಹಲವು ಸಲ ಐವತ್ತು ರೂಪಾಯಿಯ ಸ್ಪಂಜು: ಸಂದು ಮುಚ್ಚಲು. ಒಳಹೋದ ಬಿಸಿಗಾಳಿ ಹೊರಬರಲು ದಾರಿ ಇದೆಯೇ ಎಂಬುದನ್ನೂ ನೋಡಬೇಕು.

ನೀರಿನ ವಿಷಯದಲ್ಲೂ ಒಂದು ತಮಾಷೆ ಇದೆ. ಬಣ್ಣದ ಕೂಲಂಟ್ ದುಬಾರಿ, ಆದ್ದರಿಂದ ಹೆಚ್ಚು ತಂಪು ಎಂಬುದು ಜನರ ಲೆಕ್ಕ. ಕಾವು ಹೊರುವುದರಲ್ಲಿ ಬರಿಯ ನೀರೇ ಮುಂದು. ಕೂಲಂಟಿನ ಗ್ಲೈಕಾಲ್ ಇರುವುದು ಹೆಪ್ಪುಗಟ್ಟದಿರಲಿಕ್ಕೆ ಮತ್ತು ತಡವಾಗಿ ಕುದಿಯಲಿಕ್ಕೆ. ನಮ್ಮ ಬಯಲುಸೀಮೆಯಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. ಹಾಗಾಗಿ ಟ್ರ್ಯಾಕಿನವರು ಬಟ್ಟಿ ಇಳಿಸಿದ ನೀರಿಗೆ ತುಕ್ಕು ತಡೆಯುವ ಮದ್ದು ಸೇರಿಸಿ ಬಳಸುತ್ತಾರೆ. ಬೋರ್‌ವೆಲ್ ನೀರು ಮಾತ್ರ ಬೇಡ, ಕೋಲಾರದ ಬೋರ್‌ವೆಲ್ ನೀರಂತೂ ಖಂಡಿತ ಬೇಡ. ಸ್ನಾನದ ಗೀಸರಿನಲ್ಲಿ ಸುಣ್ಣ ಕಟ್ಟಿದ್ದನ್ನು ನೋಡಿದವರಿಗೆ ಕಾರಣ ಗೊತ್ತು. ರೇಡಿಯೇಟರಿನ ಮುಚ್ಚಳವೂ ಸುಮ್ಮನೆ ಮುಚ್ಚಳವಲ್ಲ, ಕುಕ್ಕರಿನ ವೆಯ್ಟು. ಸುಮಾರು 820 ಮೀಟರ್ ಎತ್ತರದ ಕೋಲಾರದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಎರಡು ಮೂರು ಡಿಗ್ರಿ ಮುಂಚೆಯೇ ಕುದಿಯುತ್ತದೆ. ಒತ್ತಡ ಹಿಡಿದಿಡುವ ಒಳ್ಳೆಯ ಮುಚ್ಚಳ ಆ ಕುದಿಬಿಂದುವನ್ನು 120ರ ಆಸುಪಾಸಿಗೆ ಒಯ್ಯುತ್ತದೆ.

ಇಷ್ಟೆಲ್ಲ ಮಾಡಿ ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಕೂತರೆ ಕೆಟ್ಟಿರಿ. ಆರ್‌ಎಕ್ಸ್-7ರ ಕೊನೆಯ ಮಾದರಿಯಲ್ಲಿ ನೀರಿನ ಮುಳ್ಳು ನಡುವಿಗೆ ಬಂದರೆ ಅಲ್ಲೇ ನಿದ್ದೆ ಹೋಗುತ್ತದೆ. ಅದು ಎದ್ದು ಮೇಲೇರುವಷ್ಟರಲ್ಲಿ ಎಂಜಿನ್ ಹೋಗಿರುತ್ತದೆ. ಬಲ್ಲವರು ನೀರಿಗೊಂದು, ಎಣ್ಣೆಗೊಂದು ಬೇರೆ ಮೀಟರ್ ಹಾಕಿಸಿಕೊಳ್ಳುತ್ತಾರೆ. ಎಣ್ಣೆ 120 ಡಿಗ್ರಿಯತ್ತ ಹೊರಟಿತೋ, ಕಾಲು ತೆಗೆಯುತ್ತಾರೆ. ಹೀಗೆ ಮುಲಾಜಿಲ್ಲದೆ ಕಾವು ಕಾಯ್ದರೆ ಈ ಎಂಜಿನ್ ಎಷ್ಟು ಬಾಳುತ್ತದೆಂಬುದಕ್ಕೆ 1991ರ ಲೆ ಮಾನ್ಸ್ ರೇಸ್ ಇದೆ. ನಾಲ್ಕು ತ್ರಿಕೋನಗಳ ಮಾಜ್ದಾ 787ಬಿ ಅಲ್ಲಿ 24 ಗಂಟೆಯಲ್ಲಿ 362 ಸುತ್ತು ಬಂದು ಗೆದ್ದಿತು.

ವಿಮಾನಕ್ಕೆ ಇಷ್ಟೆಲ್ಲ ಸರಂಜಾಮು ಹೊರುವ ಶಕ್ತಿ ಎಲ್ಲಿದೆ? ಎಣ್ಣೆ ಕೂಲರ್, ಎರಡನೇ ರೇಡಿಯೇಟರ್ ಎಂದು ಪೇರಿಸಿದರೆ 30 ಕಿಲೋದ ಲಾಭವೇ ಹೋಯಿತು. ಪುಟ್ಟ ವ್ಯಾಂಕೆಲ್‌ಗಳಿಗೆ ಬೇರೊಂದು ಉಪಾಯ ಇಂಗ್ಲೆಂಡಿನ ನಾರ್ಟನ್ ಬೈಕುಗಳಲ್ಲಿ ಬೆಳೆಯಿತು: ತ್ರಿಕೋನದ ಹೊಟ್ಟೆಯೊಳಗೆ ಗಾಳಿಯನ್ನೇ ಹಾಯಿಸುವುದು. ಎಂಜಿನ್ ಉಸಿರೆಳೆಯುವ ಗಾಳಿ ಮೊದಲು ತ್ರಿಕೋನದ ಮೂಲಕ ಸುತ್ತಿ ಬರಲಿ, ಬೇರಿಂಗಿಗೆಂದು ಬಿಟ್ಟ ಎಣ್ಣೆಯನ್ನೂ ಜೊತೆಗೆ ಹೊತ್ತು ತರಲಿ, ಎರಡೂ ಉರಿದುಹೋಗಲಿ. ಸಂಪು ಬೇಡ, ಕೂಲರ್ ಬೇಡ. ಕುಂದು ಒಂದೇ: ತ್ರಿಕೋನದ ಕಾವು ತಿಂದ ಗಾಳಿ ಬಿಸಿಯಾಗಿ ಹಿಗ್ಗಿರುತ್ತದೆ, ಹಿಗ್ಗಿದ ಗಾಳಿಯಲ್ಲಿ ಬಲ ಕಡಿಮೆ. ರೇಸ್ ನಾರ್ಟನ್‌ಗಳನ್ನು ತಿದ್ದಿದ ಬ್ರಯಾನ್ ಕ್ರೈಟನ್ ಇದಕ್ಕೆ ಜಾಣತನದ ಮದ್ದು ಕಂಡುಕೊಂಡರು. ಸೈಲೆನ್ಸರಿನ ಕಡೆಗೆ ನುಗ್ಗುವ ಹೊಗೆಯ ಸೆಳೆತದಿಂದಲೇ ತ್ರಿಕೋನದ ಬಿಸಿಗಾಳಿಯನ್ನು ಹೊರಗೆಳೆದರು, ಎಂಜಿನ್ನಿಗೆ ಉಸಿರಾಡಲು ಬೇರೆ ತಣ್ಣನೆಯ ಗಾಳಿ ಕೊಟ್ಟರು. 1992ರಲ್ಲಿ ಸ್ಟೀವ್ ಹಿಸ್ಲಾಪ್ ಐಲ್ ಆಫ್ ಮ್ಯಾನ್‌ನ ಸೀನಿಯರ್ ಟಿಟಿ ರೇಸ್ ಗೆದ್ದದ್ದು ವ್ಯಾಂಕೆಲ್ ನಾರ್ಟನ್ ಮೇಲೆ. ಅದೇ ನಾರ್ಟನ್ ಬೇರಿನಿಂದಲೇ ಚಿಗುರಿದ ಎಂಜಿನ್ನುಗಳು ಜಗತ್ತಿನ ಎಷ್ಟೋ ಡ್ರೋನ್‌ಗಳನ್ನು ಹಾರಿಸಿವೆ.

ಈಗ ಕೋಲಾರದ ಆ ಏಪ್ರಿಲ್ ಬೆಳಗಿಗೆ ವಾಪಸು ಬನ್ನಿ. ನಿಶಾಂತ್ ರನ್‌ವೇಯಲ್ಲಿ ಓಡಿ ಏರುವ ವಿಮಾನವಲ್ಲ. ಲಾರಿಯ ಮೇಲಿನ ಹಳಿಯಿಂದ ಚಾಟಿಬಿಲ್ಲಿನ ಕಲ್ಲಿನಂತೆ ಎಸೆಯುತ್ತಾರೆ. ಎಸೆಯುವ ಮೊದಲು ಎಂಜಿನ್ ನಿಂತಲ್ಲೇ ಜೋರಾಗಿ ಓಡಬೇಕು. ಎದುರುಗಾಳಿ ಇನ್ನೂ ಹುಟ್ಟಿಲ್ಲ. ಎಂಜಿನ್ನಿರುವುದೂ ಹಿಂಭಾಗದಲ್ಲಿ, ಹಿಂದಿನಿಂದ ತಳ್ಳುವ ಪ್ರೊಪೆಲರಿನ ಜೊತೆ. ಮುಂದಿನ ಪ್ರೊಪೆಲರ್ ಬೀಸುವ ಗಾಳಿಯ ಉಪಕಾರ ಅದಕ್ಕಿಲ್ಲ. ಕೋಲಾರದ ಎತ್ತರದಲ್ಲಿ ಗಾಳಿಯೂ ಕಡಲತೀರಕ್ಕಿಂತ ಶೇ 7-8ರಷ್ಟು ತೆಳು, ಮೇಲೇರಿದಂತೆ ಇನ್ನೂ ತೆಳು: ಉರಿಸಲಿಕ್ಕೂ ಕಡಿಮೆ, ತಣಿಸಲಿಕ್ಕೂ ಕಡಿಮೆ. ಕಾರಿನವನು ಮುಳ್ಳು ಏರಿದರೆ ಬದಿಗೆ ನಿಲ್ಲಿಸಬಹುದು. ಆಕಾಶದಲ್ಲಿ ಬದಿ ಎಲ್ಲಿದೆ?

ಸೇನೆ ಕೊಂಡದ್ದು ನಾಲ್ಕು ನಿಶಾಂತ್‌ಗಳನ್ನು. ಒಂದೊಂದಾಗಿ ಅವು ಅಪಘಾತಕ್ಕೀಡಾಗಿ 2015ರ ಕೊನೆಗೆ ಆ ಯೋಜನೆಯೇ ನಿಂತಿತು. ಈಗ ಬೆಂಗಳೂರಿನಿಂದ ಕೆ.ಸಿ. ವ್ಯಾಲಿ ಯೋಜನೆಯ ಶುದ್ಧೀಕರಿಸಿದ ಕೊಳಚೆ ನೀರು ಹರಿದು ಕೋಲಾರದ ಎಷ್ಟೋ ಕೆರೆಗಳು ತುಂಬಿವೆ. ಒಣಕೆರೆಯನ್ನು ಹುಡುಕಿಕೊಂಡು ವಿಮಾನ ಇಳಿಸುವುದು ಮೊದಲಿನಷ್ಟು ಸುಲಭವಲ್ಲ.

ಟ್ರ್ಯಾಕಿನಲ್ಲಿ ವ್ಯಾಂಕೆಲ್ ಓಡಿಸುವವರು ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕ್ ಮುಟ್ಟದೆ, ಗಾಳಿ ತೆಗೆದುಕೊಳ್ಳುತ್ತ ಮುಗಿಸುತ್ತಾರೆ. ಬಿಸಿಯಿದ್ದಾಗಲೇ ಎಂಜಿನ್ ಆರಿಸಿದರೆ ನೀರೂ ಎಣ್ಣೆಯೂ ನಿಂತುಹೋಗಿ ಒಳಗಿನ ಕಾವು ರಬ್ಬರ್ ಬಳೆಗಳ ಮೇಲೆ ಎರಗುತ್ತದೆ. ನಿಶಾಂತ್‌ಗೆ ಆ ಸುತ್ತಿಲ್ಲ. ಎಂಜಿನ್ ಆರಿಸಿ, ಪ್ಯಾರಾಶೂಟ್ ಬಿಚ್ಚಿ, ಹೊಟ್ಟೆಯಡಿಯ ಗಾಳಿಚೀಲದ ಮೇಲೆ ಕೂರುವುದಷ್ಟೇ. ಆ ಭಾನುವಾರ ಕೆರೆಯ ಅಂಗಳಕ್ಕೆ ಓಡಿ ಬಂದವರು ಮೊದಲು ಮುಟ್ಟಿ ನೋಡಲು ಆಗದಿದ್ದ ಭಾಗ ಯಾವುದಿದ್ದೀತು ಎಂದು ಊಹಿಸುವುದು ಕಷ್ಟವಲ್ಲ: ಸ್ಪಾರ್ಕ್ ಪ್ಲಗ್ ಇರುವ ಬದಿ.