ಮಡಿಸುವ ಬೈಸಿಕಲ್ಲು ಕೊಳ್ಳುವ ಗೃಹಸ್ಥರಿಗೆ

ಮಲೆನಾಡಿನ ಮನೆಗಳು ಬಯಲುಸೀಮೆಯ ಮನೆಗಳಂತೆ ಒಂದೆಡೆ ಗುಂಪುಗೂಡಿದವುಗಳಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ತೋಟಕ್ಕೊಂದು ಮನೆ, ಗುಡ್ಡದಾಚೆ ಮತ್ತೊಂದು ಮನೆ. ಬಸ್ಸು ನಿಲ್ಲುವ ಕೈಮರದಿಂದ ಮನೆಯಂಗಳಕ್ಕೆ ಮೂರು ನಾಲ್ಕು ಕಿಲೋಮೀಟರು ದಾರಿ ಉಳಿಯುವುದುಂಟು. ಪಟ್ಟಣದಲ್ಲಿ ಉದ್ಯೋಗಮಾಡುವ ಮಗನೂ ಕಾಲೇಜಿಗೆ ಹೋಗುವ ಮಗಳೂ ದಿನಕ್ಕೆರಡಾವರ್ತಿ ಈ ದಾರಿಯನ್ನು ಸವೆಸಬೇಕು. ಸಂಜೆಯ ಬಸ್ಸು ತಡವಾದರೆ ಕತ್ತಲೆಯಲ್ಲಿ ಒಂಟಿಯಾಗಿ ನಡೆಯಬೇಕು. ಇದರ ನಿವಾರಣೆಗಾಗಿ ಸಾಲಮಾಡಿ ಸ್ಕೂಟರು ಕೊಳ್ಳುವವರುಂಟು. ಅದಕ್ಕಿಂತ ಅಲ್ಪವ್ಯಯದ ಉಪಾಯವನ್ನು ಹುಡುಕುವ ಗೃಹಸ್ಥರಿಗಾಗಿ ಮಡಿಸುವ ಬೈಸಿಕಲ್ಲಿನ ವಿಷಯದಲ್ಲಿ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಇದು ನಿನ್ನೆ ಮೊನ್ನೆಯ ಸೃಷ್ಟಿಯಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ಧುಮುಕುವ ಬ್ರಿಟಿಷ್ ಸೈನಿಕರಿಗಾಗಿ ಬಿ.ಎಸ್.ಎ. ಕಂಪೆನಿಯು ಇಂತಹ ವಾಹನಗಳನ್ನು ತಯಾರಿಸಿತ್ತು. 1970ರ ದಶಕದಲ್ಲಿ ಲಂಡನ್ನಿನ ಆಂಡ್ರೂ ರಿಚಿ ಎಂಬಾತನು ರೂಪಿಸಿದ ಬ್ರಾಂಪ್ಟನ್ ಬೈಸಿಕಲ್ಲು ಇಂದು ಲೋಕಪ್ರಸಿದ್ಧವಾಗಿದೆ. ಆದರೆ ನಮ್ಮ ದೇಶದಲ್ಲಿ ಅದರ ಬೆಲೆ ಲಕ್ಷ ರೂಪಾಯಿಯನ್ನು ಮೀರುವುದು. ಸಾಮಾನ್ಯ ಕುಟುಂಬವು ಯೋಚಿಸತಕ್ಕುದು ಅದರ ಕಾಲುಭಾಗದೊಳಗಣ ಬೆಲೆಯ ವಾಹನವನ್ನು.

ಸಾಂಖ್ಯರು ಹೇಳುವ ಪಂಗ್ವಂಧನ್ಯಾಯವು ಇಲ್ಲಿ ಚೆನ್ನಾಗಿ ಅನ್ವಯಿಸುವುದು. ಬಸ್ಸು ದೂರ ಹೋಗಬಲ್ಲದು, ಮನೆಯ ಬಾಗಿಲಿಗೆ ಬರಲಾರದು. ಬೈಸಿಕಲ್ಲು ಬಾಗಿಲಿಗೆ ಬರಬಲ್ಲದು, ದೂರ ಹೋದರೆ ದಣಿಸುವುದು. ಕುಂಟನೂ ಕುರುಡನೂ ಕೂಡಿ ಊರು ಸೇರಿದಂತೆ ಇವೆರಡೂ ಕೂಡಿದರೆ ಪ್ರಯಾಣ ಪೂರ್ಣವಾಗುವುದು. ಆದುದರಿಂದ ಕೊಳ್ಳುವುದಕ್ಕೆ ಮೊದಲು ಕೇಳಿಕೊಳ್ಳತಕ್ಕ ಪ್ರಶ್ನೆ ಇಷ್ಟೆ: ಬಸ್ಸಿಳಿದ ಮೇಲೆ ಪಟ್ಟಣದಲ್ಲಿಯೂ ಬೈಸಿಕಲ್ಲು ಬೇಕೆ? ಬೇಡವೆಂದರೆ ಕೈಮರದ ಅಂಗಡಿಯ ಬದಿಯಲ್ಲಿ ಬೀಗಹಾಕಿ ಇಡಲು ಸಾಧಾರಣ ಬೈಸಿಕಲ್ಲೇ ಸಾಕು. ಅದು ಅಗ್ಗ, ಗಟ್ಟಿ, ದುರಸ್ತಿಗೂ ಸುಲಭ. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡಲಾರಂಭಿಸಿತು. ಅಂತಹುದೊಂದು ಕೊಟ್ಟಿಗೆಯಲ್ಲಿ ಬಿದ್ದಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿರಿ. ಎರಡು ತುದಿಗಳಲ್ಲಿಯೂ ಬೇಕಾದವರಿಗೆ ಮಾತ್ರ ಮಡಿಸುವುದು ಸಾರ್ಥಕ.

ಮೊದಲನೆಯ ಪರೀಕ್ಷೆ ತೂಕ. ಕಡಿಮೆ ಬೆಲೆಯ ಉಕ್ಕಿನ ವಾಹನಗಳು ಸಾಮಾನ್ಯವಾಗಿ 14ರಿಂದ 16 ಕಿಲೋ ತೂಗುವುವು. ಅಂಗಡಿಯಲ್ಲಿಯೇ ಅದನ್ನು ಮಡಿಸಿ, ಒಂದೇ ಕೈಯಿಂದ ಎತ್ತಿಕೊಂಡು ಮೂರು ಮೆಟ್ಟಿಲು ಹತ್ತಿ ನೋಡತಕ್ಕದ್ದು. ಹತ್ತಬೇಕಾದವರು ಅದನ್ನು ನಿತ್ಯ ಬಳಸುವವರೇ. ಮಗಳಿಗೆ ಕೊಳ್ಳುವುದಾದರೆ ತಂದೆಯು ಎತ್ತಿ ನೋಡಿದರೆ ಪ್ರಯೋಜನವಿಲ್ಲ.

ಎರಡನೆಯದು ಗೇರು. ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗಾಗಲಿ, ಹೊಸನಗರದಿಂದ ನಗರದ ಕಡೆಗಾಗಲಿ ಏರಿಳಿತವಿಲ್ಲದ ಒಂದು ಹರಿದಾರಿ ದೊರೆಯುವುದು ಕಷ್ಟ. ಇಲ್ಲಿ ಸ್ವಲ್ಪ ಗಣಿತ ಬೇಕು. ಪೆಡಲಿನ ಬಳಿಯ ಚೈನ್‌ವೀಲಿನ ಹಲ್ಲುಗಳನ್ನು ಹಿಂದಿನ ಫ್ರೀವೀಲಿನ ಹಲ್ಲುಗಳಿಂದ ಭಾಗಿಸಿ ಗಾಲಿಯ ಸುತ್ತಳತೆಯಿಂದ ಗುಣಿಸಿದರೆ, ಪೆಡಲಿನ ಒಂದು ಸುತ್ತಿಗೆ ಸಾಗುವ ದೂರವು ತಿಳಿಯುವುದು. 20 ಅಂಗುಲದ ಗಾಲಿಯ ಸುತ್ತಳತೆ ಸುಮಾರು 1.6 ಮೀಟರು. ಗೇರಿಲ್ಲದೆ 44ಕ್ಕೆ 16 ಹಲ್ಲಿದ್ದರೆ ಒಂದು ಸುತ್ತಿಗೆ 4.4 ಮೀಟರು; ಗೇರಿನ ವಾಹನದಲ್ಲಿ 52ಕ್ಕೆ 28 ಹಲ್ಲು ದೊರೆತರೆ ಸುಮಾರು 3 ಮೀಟರು. ಈ ದೂರವು ಕಡಿಮೆಯಾದಷ್ಟೂ ಏರು ಹಗುರ. ಬೆಂಗಳೂರಿನ ಸಮದಾರಿಯಲ್ಲಿ ಗೇರಿಲ್ಲದೆ ನಡೆಯಬಹುದು; ನಮ್ಮಲ್ಲಿ ಅದು ತಳ್ಳುಗಾಡಿಯೇ ಸರಿ.

ಮೂರನೆಯದು ಕೀಲು. ಮುಂದಿನ ಬ್ರೇಕನ್ನು ಅದುಮಿ ಹಿಡಿದು ವಾಹನವನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿರಿ. ನಡುವಣ ಕೀಲಿನಲ್ಲಾಗಲಿ, ಹ್ಯಾಂಡಲಿನ ಬುಡದಲ್ಲಾಗಲಿ ಟಕ್ಕೆಂಬ ಸದ್ದೋ ಸಡಿಲವೋ ಕಂಡರೆ ಅದನ್ನು ಬಿಡಿರಿ. ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಎರಡನೆಯ ಕೊಂಡಿ ಇರಲೇಬೇಕು. ಇಳಿಜಾರಿನಲ್ಲಿ ಕೀಲು ಬಿಚ್ಚಿದರೆ ಆಗುವ ಅನರ್ಥವನ್ನು ವಿವರಿಸಬೇಕಾದುದಿಲ್ಲ.

ನಾಲ್ಕನೆಯದು ಟೈರು. ಟೈರಿನ ಪಕ್ಕದಲ್ಲಿ 406 ಎಂಬ ಅಂಕಿಯಿದ್ದರೆ ಮಕ್ಕಳ 20 ಅಂಗುಲದ ಬೈಸಿಕಲ್ಲಿನ ಟ್ಯೂಬು ಅದಕ್ಕೆ ಹೊಂದುವುದು. ಸಣ್ಣ ಪಟ್ಟಣದಲ್ಲಿಯೂ ಅದು ದೊರೆಯುವುದು. ಬೇರೆ ಅಳತೆಯದಾದರೆ ಒಂದು ಪಂಚರಿಗಾಗಿ ವಾರಗಟ್ಟಲೆ ಕಾಯಬೇಕಾದೀತು.

ಪ್ರಯಾಣದ ಮಾತಿಗೆ ಬಂದರೆ, ಶಿವಮೊಗ್ಗ–ತಾಳಗುಪ್ಪ ಮಾರ್ಗವು 2011ರಲ್ಲಿ ಬ್ರಾಡ್‌ಗೇಜಾದ ಮೇಲೆ ಸಾಗರದವರಿಗೆ ಬೆಂಗಳೂರು, ಮೈಸೂರುಗಳಿಗೆ ನೇರ ರೈಲುಂಟು. ಹೊಸನಗರ, ತೀರ್ಥಹಳ್ಳಿ ಪಟ್ಟಣಗಳವರಿಗೆ ಬಸ್ಸೇ ಗತಿ. ರೈಲಿನ ಸ್ಲೀಪರು ತರಗತಿಯಲ್ಲಿ 40 ಕಿಲೋ ಸಾಮಾನಿಗೆ ಬಾಡಿಗೆಯಿಲ್ಲ. ಆದರೆ ಪೆಟ್ಟಿಗೆಯ ಅಳತೆಯು 100, 60, 25 ಸೆಂಟಿಮೀಟರುಗಳನ್ನು ಮೀರಕೂಡದೆಂಬ ನಿಯಮವುಂಟು. 20 ಅಂಗುಲದ ಗಾಲಿಯ ವಾಹನವು ಮಡಿಸಿದರೂ ಸಾಧಾರಣವಾಗಿ 30 ಸೆಂಟಿಮೀಟರಿಗಿಂತ ದಪ್ಪ. ಆದುದರಿಂದ ಹೊರಡುವ ಮುನ್ನ ನಿಲ್ದಾಣದಲ್ಲಿ ವಿಚಾರಿಸಿ, ಗೋಣಿಯಲ್ಲಿ ಕಟ್ಟಿ ಒಯ್ಯುವುದು ಒಳ್ಳೆಯದು. ಬಸ್ಸಿನಲ್ಲಿ ಡಿಕ್ಕಿಯ ಸ್ಥಳವನ್ನು ಕಂಡಕ್ಟರನಿಂದ ಮೊದಲೇ ಕೇಳಿಕೊಳ್ಳಬೇಕು.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆಯು ಉಕ್ಕಿನ ಕೀಲನ್ನು ಒಂದೇ ಋತುವಿನಲ್ಲಿ ಕಚ್ಚಿಸಬಲ್ಲದು. ಆರಿದ್ರಾ ಮಳೆ ಹಿಡಿಯುವ ಮುನ್ನ ಕೀಲುಗಳಿಗೆ ಗ್ರೀಸು ಹಚ್ಚಿ, ಚೈನನ್ನು ವಾರಕ್ಕೊಮ್ಮೆ ಒರೆಸಿ ಎಣ್ಣೆ ಬಿಡಬೇಕು. ತೊಯ್ದ ರಿಮ್ಮಿನ ಮೇಲೆ ಬ್ರೇಕು ತಡವಾಗಿ ಹಿಡಿಯುವುದರಿಂದ ಅನುಕೂಲವಿದ್ದವರು ಡಿಸ್ಕ್ ಬ್ರೇಕನ್ನೇ ಆರಿಸತಕ್ಕದ್ದು.

ಹಣ ಕಡಿಮೆಯಿದ್ದಲ್ಲಿ ಅಂದಚೆಂದಗಳನ್ನು ಬಿಡಿರಿ; ಕೀಲು, ಬ್ರೇಕು, ಗೇರುಗಳನ್ನು ಬಿಡಬೇಡಿರಿ. ಜೊತೆಗೆ ಹಿಂದೆ ಮುಂದೆ ಒಂದೊಂದು ದೀಪವನ್ನು ಕೊಳ್ಳಲು ಮರೆಯಬಾರದು. ಸಂಜೆ ಬಸ್ಸಿಳಿದ ಮಕ್ಕಳು ಕಾಲು ಗಂಟೆಯೊಳಗೆ ಮನೆ ಸೇರುವರೆಂಬ ನೆಮ್ಮದಿಗೆ ಈ ಖರ್ಚು ಹೆಚ್ಚಿನದಲ್ಲ.