ಒಂದೇ ಗುಂಡಿಗೆ ಎರಡು ಒನಕೆ

ಪರದೆಯ ಮೇಲೆ ಒಬ್ಬ ಇನ್ನೊಬ್ಬನ ಕುತ್ತಿಗೆ ಹಿಡಿದು ತಲೆಗೆ ಮೊಟಕುತ್ತಿದ್ದಾನೆ. ಹಿಡಿದವನು ಧಾಲ್ಸಿಮ್, 1991ರಲ್ಲಿ ಬಂದ ಸ್ಟ್ರೀಟ್ ಫೈಟರ್ 2 ಆಟದ ಭಾರತೀಯ. ಯೋಗಬಲದಿಂದ ಕೈಕಾಲು ಮಾರುದ್ದ ಚಾಚುವವ, ಬಾಯಿಂದ ಬೆಂಕಿ ಉಗುಳುವವ. ಇಷ್ಟೆಲ್ಲ ಸಿದ್ಧಿಯಿದ್ದೂ, ಕೈಗೆ ಸಿಕ್ಕವನನ್ನು ಹಳೇ ಕಾಲದ ಶಾಲಾ ಮಾಸ್ತರರಂತೆ ಬಿಡದೆ ಮೊಟಕುತ್ತಾನೆ. ಸಿಕ್ಕಿಬಿದ್ದ ಹುಡುಗ ಬಿಡಿಸಿಕೊಳ್ಳಲು ಗುಂಡಿಗಳನ್ನೆಲ್ಲ ಒಂದೇ ಸಮನೆ ಕುಟ್ಟುತ್ತಾನೆ. ಬೆನ್ನ ಹಿಂದಿನಿಂದ ಕೂಗು: "ಒತ್ತೋ ಮಾರಾಯ, ಒತ್ತೋ!"

ಭಟ್ಕಳದಲ್ಲಿ ಗಲ್ಫಿನಿಂದ ರಜೆಗೆ ಬಂದ ಮಾವನ ಪೆಟ್ಟಿಗೆಯಿಂದ ಹೊರಟ ಯಂತ್ರವಿರಲಿ, ಹೊನ್ನಾವರ-ಕುಮಟಾ ಪೇಟೆಯಲ್ಲಿ ಗಂಟೆ ಲೆಕ್ಕಕ್ಕೆ ಕೂತ ಕಂಪ್ಯೂಟರ್ ಇರಲಿ, ಈ ಕೂಗು ಒಂದೇ. ಕುಸ್ತಿಯಲ್ಲಿ ಪಟ್ಟು ಬಿಡಿಸಿಕೊಳ್ಳಲು ತೋಳ್ಬಲ ಬೇಕು. ಇಲ್ಲಿ ಏನು ಬೇಕು? ಉತ್ತರ ಸಿಗಬೇಕಾದರೆ ಒಂದು ಸೆಕೆಂಡನ್ನು ಬಿಚ್ಚಿ ನೋಡಬೇಕು.

ಇಂಥ ಆಟಗಳಲ್ಲಿ ಒಂದು ಸೆಕೆಂಡೆಂದರೆ 60 ಚಿತ್ರ, ಆಡುವವರ ಮಾತಿನಲ್ಲಿ 60 ಫ್ರೇಮ್. ಪ್ರತಿ ಫ್ರೇಮಿಗೊಮ್ಮೆ ಯಂತ್ರ "ಯಾವ ಗುಂಡಿ ಕೆಳಗಿದೆ, ಯಾವುದು ಮೇಲಿದೆ" ಎಂದು ಕಣ್ಣಾಡಿಸುತ್ತದೆ. ಹೊನ್ನಾವರದ ಶರಾವತಿ ಸೇತುವೆ ಕೊಂಕಣ ರೈಲು ಮಾರ್ಗದಲ್ಲೇ ಅತಿ ಉದ್ದದ್ದು, 2,065 ಮೀಟರ್. ಗಂಟೆಗೆ 90 ಕಿ.ಮೀ. ವೇಗದ ರೈಲಿನ ಎಂಜಿನ್ ಅದನ್ನು ದಾಟಲು ಸುಮಾರು 83 ಸೆಕೆಂಡು. ಅಷ್ಟರಲ್ಲಿ ಆಟದ ಯಂತ್ರ ಹೆಚ್ಚುಕಡಿಮೆ 5,000 ಸಲ ನಿಮ್ಮ ಬೆರಳು ನೋಡಿ ಮುಗಿಸಿರುತ್ತದೆ. ಒಂದು ಫ್ರೇಮಿನಲ್ಲಿ ಆ ರೈಲು ಸಾಗುವುದು 42 ಸೆಂಟಿಮೀಟರ್ ಮಾತ್ರ, ಒಂದು ಗೇಣಿಗೆ ಎರಡರಷ್ಟು.

ಇಷ್ಟು ಚುರುಕು ಯಂತ್ರದ ಎದುರು ಮನುಷ್ಯನ ಬೆರಳು ಎಷ್ಟರದು? ಒಂದೇ ತೋರುಬೆರಳಿನಲ್ಲಿ ಬಡಿದರೆ ಸಾಮಾನ್ಯರಿಗೆ ಸೆಕೆಂಡಿಗೆ 5ರಿಂದ 7. ನರರೋಗ ತಜ್ಞರು ಕೈಯ ಚುರುಕು ಅಳೆಯಲು ಮಾಡಿಸುವ ಹತ್ತು ಸೆಕೆಂಡಿನ ಪರೀಕ್ಷೆಯಲ್ಲೂ 50ರ ಆಸುಪಾಸು ಬಂದರೆ ಸರಿಯಾಗಿದೆ ಎಂದೇ ಅರ್ಥ. 1980ರ ದಶಕದಲ್ಲಿ ಜಪಾನಿನ ಹಡ್ಸನ್ ಕಂಪನಿಯ ತಕಾಹಾಶಿ ಮೇಜಿನ್ ಎಂಬಾತ ಸೆಕೆಂಡಿಗೆ 16 ಸಲ ಒತ್ತಿ ಆ ದೇಶದ ಮಕ್ಕಳಿಗೆಲ್ಲ ನಾಯಕನಾಗಿಬಿಟ್ಟ. ಆ ಹುಚ್ಚು ಎಷ್ಟರ ಮಟ್ಟಿಗೆಂದರೆ, ಎಷ್ಟು ಸಲ ಒತ್ತಿದೆ ಎಂದು ಎಣಿಸುವುದಕ್ಕೆಂದೇ ಒಂದು ಪುಟ್ಟ ಸಾಧನವನ್ನು ಕಂಪನಿ 1987ರಲ್ಲಿ ಮಾರಾಟಕ್ಕೆ ತಂದಿತು.

ಮುರ್ಡೇಶ್ವರದ ಶಿವ 123 ಅಡಿ ಎತ್ತರ ಕೂತಿದ್ದಾನೆ. ಅಷ್ಟು ಎತ್ತರದಿಂದ ಒಂದು ತೆಂಗಿನಕಾಯಿ ಬಿತ್ತೆನ್ನಿ. ನೆಲ ಮುಟ್ಟಲು ಮೂರು ಸೆಕೆಂಡೂ ಬೇಡ, ಸುಮಾರು 165 ಫ್ರೇಮ್ ಸಾಕು. ಅದು ಬೀಳುವಷ್ಟರಲ್ಲಿ ನಾವು ನೀವು 16 ಸಲ ಒತ್ತಿದರೆ ತಕಾಹಾಶಿ 44 ಸಲ ಒತ್ತಿರುತ್ತಾನೆ.

ಗುದ್ದಿನ ಬಿರುಸಿಗೆ ಇಲ್ಲಿ ಬೆಲೆಯಿಲ್ಲ. ಕಂಪ್ಯೂಟರ್ ಕೀಲಿಯೊಂದು ಕೆಳಗಿಳಿಯಲು 60 ಗ್ರಾಂ ಭಾರ ಸಾಕು, ಒಂದು ಕೋಳಿಮೊಟ್ಟೆಯ ತೂಕ. ಮೊಟ್ಟೆ ಇಟ್ಟರೂ ಒಂದು, ಮುಷ್ಟಿಯಲ್ಲಿ ಗುದ್ದಿದರೂ ಒಂದು. ಇನ್ನೊಂದು ಕಟ್ಟುಪಾಡೂ ಇದೆ: ಗುಂಡಿ ಒಮ್ಮೆ ಮೇಲೆದ್ದದ್ದು ಕಂಡ ಮೇಲೆಯೇ ಮುಂದಿನ ಒತ್ತು ಲೆಕ್ಕಕ್ಕೆ ಬರುವುದು. ಒತ್ತಲು ಒಂದು ಫ್ರೇಮ್, ಬಿಡಲು ಒಂದು ಫ್ರೇಮ್. ಹಾಗಾಗಿ ಒಂದು ಗುಂಡಿಯಿಂದ ಸೆಕೆಂಡಿಗೆ 30ಕ್ಕಿಂತ ಹೆಚ್ಚು ಹುಟ್ಟುವುದೇ ಇಲ್ಲ. ತಕಾಹಾಶಿಯ 16 ಆ ಮಿತಿಯ ಅರ್ಧವನ್ನು ದಾಟಿತ್ತು.

ಹಾಗಾದರೆ ಉಳಿದವರ ದಾರಿ? ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಅವಲಕ್ಕಿ ಕುಟ್ಟುವಾಗ ಒಂದೇ ಒರಳಿಗೆ ಇಬ್ಬರು ಎರಡು ಒನಕೆ ಹಿಡಿದು ನಿಲ್ಲುತ್ತಿದ್ದರು. ಒಂದು ಏಳುವಾಗ ಇನ್ನೊಂದು ಬೀಳಬೇಕು. ಒರಳಿಗೆ ಬಿಡುವಿಲ್ಲ, ಕುಟ್ಟುವವರಿಗೆ ಬಿಡುವುಂಟು. ತೋರುಬೆರಳು, ನಡುಬೆರಳು ಒಂದೇ ಗುಂಡಿಯ ಮೇಲೆ ಹೀಗೆ ಸರದಿ ಹಿಡಿದರೆ, ಸೆಕೆಂಡಿಗೆ 6 ಒತ್ತುವ ಕೈಯಲ್ಲೇ 12ರ ಹತ್ತಿರ ಹೊರಡುತ್ತದೆ.

ಎರಡನೆಯ ವಿದ್ಯೆ ಮದ್ದಲೆಯವರದು. 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಹುಟ್ಟಿದ ಹೊನ್ನಾವರ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮದ್ದಲೆಯ ಮೇಲೆ ಬೆರಳುಗಳು ಹಂಚಿಕೊಂಡು ನುಡಿಯುತ್ತವೆ, ಯಾವ ಬೆರಳೂ ಒಬ್ಬಂಟಿಯಾಗಿ ದುಡಿಯುವುದಿಲ್ಲ. ಸ್ಟ್ರೀಟ್ ಫೈಟರ್‌ನಲ್ಲಿ ಆರು ಗುಂಡಿ. ಮೂರು ಬೆರಳು ಮೂರು ಗುಂಡಿಗಳ ಮೇಲೆ ಉರುಳಿದರೆ ಆರು ಮೂರಲೆ ಹದಿನೆಂಟು, ತಕಾಹಾಶಿಗಿಂತ ಎರಡು ಹೆಚ್ಚು! ಎಡಗೈ ಸುಮ್ಮನಿರಬೇಕಿಲ್ಲ. ದಿಕ್ಕಿನ ಕೋಲನ್ನು ಅತ್ತಿತ್ತ ಜಗ್ಗಿದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ.

ಮೂರನೆಯದು ನಡುಕ. ತೋಳು ಬಿಗಿ ಹಿಡಿದು ಕೈಯನ್ನು ನಡುಗಿಸುವುದು. ನಮ್ಮೆಲ್ಲರ ಕೈಯಲ್ಲೂ ಸೆಕೆಂಡಿಗೆ 8ರಿಂದ 12 ಸಲದ ಸೂಕ್ಷ್ಮ ಕಂಪನ ಸಹಜವಾಗಿಯೇ ಇದೆ. ಅದನ್ನೇ ಹಿಗ್ಗಿಸಿ ದುಡಿಸಿಕೊಳ್ಳುವ ಉಪಾಯವಿದು. ಜಪಾನಿನ ಹುಡುಗರು ಇನ್ನೂ ಮುಂದೆ ಹೋಗಿದ್ದರು. 1983ರ ಓಟದ ಆಟವೊಂದರಲ್ಲಿ ಉಕ್ಕಿನ ಅಳತೆಪಟ್ಟಿಯನ್ನು ಬಾಗಿಸಿ ಮಿಡಿದು, ಅದರ ಅದುರುವಿಕೆಯಿಂದ ಗುಂಡಿ ಒತ್ತಿಸುತ್ತಿದ್ದರು.

ಕೋಲು ತಿರುಗಿಸುವ ಹುಚ್ಚಿಗೆ ಕಟ್ಟಿದ ಬೆಲೆಯೂ ದಾಖಲಾಗಿದೆ. 1998ರ ಮಾರಿಯೋ ಪಾರ್ಟಿ ಆಟದಲ್ಲಿ ಕೋಲನ್ನು ಅಂಗೈಯಿಂದ ಗರಗರ ತಿರುಗಿಸಿ ಮಕ್ಕಳ ಕೈ ಬೊಬ್ಬೆಯೆದ್ದಿತು. 2000ದಲ್ಲಿ ನ್ಯೂಯಾರ್ಕಿನ ಅಟಾರ್ನಿ ಜನರಲ್ ಜತೆಗಿನ ಒಪ್ಪಂದದಂತೆ ಆ ಆಟದ ಕಂಪನಿ ನಿಂಟೆಂಡೊ ಮನೆಗೆ ನಾಲ್ಕರವರೆಗೆ ಕೈಗವಸು ಕೊಡಲು ಒಪ್ಪಿತು. ಕೇಳಿದವರಿಗೆಲ್ಲ ಕೊಟ್ಟರೆ ತಗಲಬಹುದಾಗಿದ್ದ ವೆಚ್ಚ 8 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 350 ಕೋಟಿ ರೂಪಾಯಿ.

ಯಂತ್ರ ಮಾತ್ರ ಸುಲಭಕ್ಕೆ ಸೋಲುವುದಿಲ್ಲ. 10 ಕೋಟಿ ಒತ್ತು ತಾಳುತ್ತವೆ ಎಂದು ಮಾರುವ ಕೀಲಿಗಳಿವೆ. ಸೆಕೆಂಡಿಗೆ 10ರಂತೆ ಏಪ್ರಿಲ್ 1ರ ನಡುರಾತ್ರಿ ಕುಟ್ಟಲು ಹಚ್ಚಿ, ಊಟ ನಿದ್ದೆ ಬಿಟ್ಟು ಮುಂದುವರಿಸಿದರೆ ಲೆಕ್ಕ ಮುಗಿಯುವುದು ಜುಲೈ 25ರ ಸಂಜೆ. ರಜೆ ಮುಗಿದು ಶಾಲೆ ಶುರುವಾಗಿ, ಕರಾವಳಿಯ ಮಳೆ ಅರ್ಧ ಸುರಿದಿರುತ್ತದೆ. ಒತ್ತಿಗೆ 4 ಮಿಲಿಮೀಟರ್ ಎಂದರೂ ಕೀಲಿ ಒಟ್ಟು 400 ಕಿ.ಮೀ. ಕೆಳಗಿಳಿದಿರುತ್ತದೆ. ಭಟ್ಕಳದಿಂದ ಕುಮಟಾಕ್ಕೆ ಮೂರು ಸಲ ಹೋಗಿ ಬಂದರೂ ಇನ್ನೂ ಮಿಗುವಷ್ಟು ದೂರ.

ಈಗ ಪಟ್ಟು ಬಿಡಿಸಿಕೊಳ್ಳುವ ಲೆಕ್ಕಕ್ಕೇ ಬರೋಣ. ಒಂದು ಹಿಡಿತ 90 ಫ್ರೇಮ್, ಅಂದರೆ ಒಂದೂವರೆ ಸೆಕೆಂಡು ಇರುತ್ತದೆಂದು ಇಟ್ಟುಕೊಳ್ಳಿ. ಪ್ರತಿ ಒತ್ತು ಅದರಿಂದ 6 ಫ್ರೇಮ್ ಕಳೆಯುತ್ತದೆ ಎನ್ನಿ. ಸುಮ್ಮನೆ ಕೂತವನಿಗೆ 1.5 ಸೆಕೆಂಡು. ಸೆಕೆಂಡಿಗೆ 6 ಒತ್ತಿದರೆ 0.94. ಅದನ್ನು 16ಕ್ಕೆ ಏರಿಸಿದರೆ 0.58. ಮೊದಲ ಆರು ಒತ್ತು ಅರ್ಧ ಸೆಕೆಂಡಿಗೂ ಹೆಚ್ಚು ಉಳಿಸಿಕೊಟ್ಟವು. ಆಮೇಲೆ ಬೆವರು ಸುರಿಸಿ ಗಳಿಸಿದ ಹತ್ತು ಉಳಿಸಿದ್ದು ಅದರ ಮೂರನೇ ಎರಡು ಪಾಲು.

ಬೆರಗು ಇರುವುದು ಮುಂದಿನ ಸಾಲಿನಲ್ಲಿ. ಕಣ್ಣು ಕಂಡದ್ದಕ್ಕೆ ಬೆರಳು ಏಳಲು ಕಾಲು ಸೆಕೆಂಡು ಬೇಕು, 15 ಫ್ರೇಮ್. ಸೆಕೆಂಡಿಗೆ 16 ಒತ್ತುವ ಮಹಾಶಯ ಹಿಡಿತ ಬಿದ್ದದ್ದನ್ನು ನೋಡಿ ಆಮೇಲೆ ಶುರು ಮಾಡಿದರೆ ಹೊರಬರಲು 0.73 ಸೆಕೆಂಡು. ಎದುರಾಳಿ ಹತ್ತಿರ ಬಂದಾಗಲೇ ಸುಳಿವು ಹಿಡಿದು, ಎರಡು ಒನಕೆಯ 12ರಲ್ಲೇ ಮೊದಲು ಶುರು ಮಾಡಿದವನಿಗೆ 0.68. ದಾಖಲೆಯ ಕೈಯನ್ನು ಕುಮಟಾದ ಸಾಧಾರಣ ಹುಡುಗ 3 ಫ್ರೇಮಿನಿಂದ ಹಿಂದೆ ಹಾಕಿದ. ಸೇತುವೆಯ ಮೇಲಿನ ರೈಲು ಅಷ್ಟರಲ್ಲಿ ಒಂದೂಕಾಲು ಮೀಟರ್ ಸರಿದಿತ್ತು.

ಟೆಕ್ಕನ್ ಎಂಬ ಇನ್ನೊಂದು ಹೊಡೆದಾಟದ ಆಟಕ್ಕೆ ಬಂದರೆ ಕುಟ್ಟುವ ವಿದ್ಯೆಯೇ ತಿರುಗಿ ಹೊಡೆಯುತ್ತದೆ. ಹಿಡಿದ ಕೈ ಎಡವೋ ಬಲವೋ ಎರಡೂವೋ ಎಂದು ಕಂಡು ಅದಕ್ಕೆ ಸರಿಯಾದದ್ದನ್ನು ಒಮ್ಮೆ ಒತ್ತಬೇಕು. ಮೊದಲ ಒತ್ತಿಗೇ ತೀರ್ಪು. ಇತ್ತೀಚಿನ ಟೆಕ್ಕನ್ ಕೊಡುವ ಅವಧಿ ಸುಮಾರು 20 ಫ್ರೇಮ್. ಕಣ್ಣಿನ 15 ಕಳೆದರೆ ಉಳಿದದ್ದು 5, ಸೆಕೆಂಡಿನ ಹನ್ನೆರಡನೇ ಒಂದು ಪಾಲು. ರಾತ್ರಿಯಿಡೀ ನುಡಿಸಿದ ಮದ್ದಲೆಗಾರನೂ ಮುಕ್ತಾಯದ ಪೆಟ್ಟನ್ನು ಒಂದೇ ಸಲ ಹಾಕುತ್ತಾನೆ. ಬೆನ್ನ ಹಿಂದಿನವರು "ಒತ್ತೋ ಮಾರಾಯ" ಎಂದು ಎಷ್ಟು ಕೂಗಿದರೂ, ಇಲ್ಲಿ ಒತ್ತಬೇಕಾದದ್ದು ಒಂದೇ ಒಂದು.